ಬಾಣಂತಿ ಕೋಣೆಗೆ ಶಾಖ, ಕರೆಂಟ್ ಹೋದರೂ ಬಿಸಿನೀರು: ಚಿತ್ರದುರ್ಗದ ಮಾಳಿಗೆ ಮನೆಯೊಂದರ ಕೆಲಸದ ದಾಖಲೆ

ತಂಗಿಯ ಹೆರಿಗೆ ಡಿಸೆಂಬರ್ ಮಧ್ಯದಲ್ಲಿ. ಬಾಣಂತನ ನಮ್ಮ ಮನೆಯಲ್ಲಿ. ಮನೆ ಚಿತ್ರದುರ್ಗದ ಹಳೆಯ ಪೇಟೆಯಲ್ಲಿದೆ. ಮುಂದಿನ ಭಾಗಕ್ಕೆ ಎರಡಡಿ ದಪ್ಪದ ಕಲ್ಲುಗೋಡೆ, ಮೇಲೆ ಕರಲು ಮಣ್ಣು ಹಾಕಿದ ಸಮತಟ್ಟಾದ ಮಣ್ಣಿನ ಚಾವಣಿ, ಅಂದರೆ ಮಾಳಿಗೆ. ಹಿಂದಿನ ಅಡುಗೆಮನೆ, ಬಚ್ಚಲುಮನೆ ಆಮೇಲೆ ಕಟ್ಟಿದವು, ಆರ್‌ಸಿಸಿ. ಬಾಣಂತಿಗೆಂದು ಆರಿಸಿದ್ದು ಮಾಳಿಗೆ ಭಾಗದ ಒಳಕೋಣೆ: 10 ಅಡಿಗೆ 12 ಅಡಿ, ಎತ್ತರವೂ 10 ಅಡಿ, ನೆತ್ತಿಯಲ್ಲಿ ಒಂದು ಬೆಳಕಿಂಡಿ, ಒಂದು ಕಿಟಕಿ, ನೆಲಕ್ಕೆ ಕಡಪ ಕಲ್ಲು.

ಈ ಊರಿನ ಚಳಿ ಹೇಳಿಕೊಳ್ಳುವಂಥದ್ದಲ್ಲ ಎಂದು ಅನೇಕರು ಹೇಳುತ್ತಾರೆ. ಕಂಬಳಿ ಹೊದ್ದು ಮಲಗುವ ದೊಡ್ಡವರಿಗೆ ಅದು ನಿಜ. ಹಸುಗೂಸಿಗೆ ಅಲ್ಲ. ಹೆರಿಗೆ ಕೋಣೆ ಕನಿಷ್ಠ 25 ಡಿಗ್ರಿ ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮನೆಯ ಕೋಣೆಗೂ ನಾನು ಅದನ್ನೇ ಗುರಿಯಾಗಿಟ್ಟುಕೊಂಡೆ. ಕಳೆದ ಜನವರಿಯಲ್ಲಿ ಬೆಳಗಿನ ಜಾವ ಬರೆದಿಟ್ಟ ಅಂಕಿಗಳು ಡೈರಿಯಲ್ಲಿದ್ದವು: ಹೊರಗೆ 14ರಿಂದ 15, ಆ ಕೋಣೆಯೊಳಗೆ 19. ಅಂದರೆ ಬೇಕಾದದ್ದು ಆರು ಡಿಗ್ರಿ. ಜೊತೆಗೆ ದಿನಕ್ಕೆ ನೂರು ಲೀಟರಿನಷ್ಟು ಬಿಸಿನೀರು. ಇವೆರಡೂ ಕರೆಂಟ್ ಇಲ್ಲದ ರಾತ್ರಿಯಲ್ಲಿಯೂ ನಡೆಯಬೇಕು.

1. ಯಾವ ಕೆಲಸಕ್ಕೆ ಯಾವ ಶಾಖ (ಅಕ್ಟೋಬರ್ ಆರಂಭ)

ಮೊದಲು ಕಾಗದದ ಮೇಲೆ ಲೆಕ್ಕ. ಗೃಹಜ್ಯೋತಿಯಲ್ಲಿ ನಮ್ಮ ಮನೆಯ ಬಳಕೆ ತಿಂಗಳಿಗೆ 55 ಯೂನಿಟ್ ಆಸುಪಾಸು. ನಮಗೆ ನಿಗದಿಯಾದ ಉಚಿತ ಯೂನಿಟ್‌ಗಳ ಮಿತಿಗಿಂತ ಹೆಚ್ಚು ಬಳಸಿದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. ಆದರೆ 200 ದಾಟಿದ ತಿಂಗಳು ಪೂರ್ತಿ ಬಿಲ್ ನಮ್ಮದೇ. ನೂರು ಲೀಟರ್ ನೀರನ್ನು 22 ಡಿಗ್ರಿಯಿಂದ 55ಕ್ಕೆ ಏರಿಸಲು ಗೀಸರ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಬೇಕು, ತಿಂಗಳಿಗೆ 115ರಿಂದ 120. ರಾತ್ರಿಯಿಡೀ ಕೋಣೆ ಬೆಚ್ಚಗಿಡುವ ಎಣ್ಣೆ ಹೀಟರ್‌ಗೆ (ಒಳಗೆ ಎಣ್ಣೆ ತುಂಬಿ ಮುಚ್ಚಿದ, ಕರೆಂಟಿನಿಂದ ಕಾಯುವ ಹೀಟರ್) ದಿನಕ್ಕೆ ನಾಲ್ಕೂವರೆ, ತಿಂಗಳಿಗೆ 135. ಎರಡನ್ನೂ ಕರೆಂಟಿಗೆ ಹಾಕಿದರೆ 300 ದಾಟುತ್ತದೆ. ಹೀಟರ್ ಒಂದನ್ನೇ ಇಟ್ಟುಕೊಂಡರೆ 190ರಲ್ಲಿ ನಿಲ್ಲುತ್ತದೆ. ಹೀಗಾಗಿ ತೀರ್ಮಾನ ಇಷ್ಟು: ಕೋಣೆಗೆ ಕರೆಂಟು, ನೀರಿಗೆ ಬೆಂಕಿ. ಕರೆಂಟ್ ಹೋದಾಗ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎಂಬುದು ಬಿಲ್ಲಿಗಿಂತ ದೊಡ್ಡ ಲಾಭ.

ಬೇರೆ ದಾರಿಗಳನ್ನೂ ನೋಡಿದೆ. ಸೋಲಾರ್ ವಾಟರ್ ಹೀಟರ್‌ನ ಟ್ಯಾಂಕು ಮತ್ತು ಸ್ಟ್ಯಾಂಡಿನ ಭಾರವನ್ನು ಮಣ್ಣಿನ ಮಾಳಿಗೆಯ ಮೇಲೆ ಹೊರಿಸುವಂತಿಲ್ಲ. ಬಚ್ಚಲುಮನೆಯ ಆರ್‌ಸಿಸಿ ಮೇಲೆ ಇಡಬಹುದು. ಅಲ್ಲಿ ಬೆಳಗಿನ ಹೊತ್ತು ಬೇವಿನ ಮರದ ನೆರಳು. ನಮ್ಮ ಕೊಳವೆಬಾವಿಯ ನೀರು ಗಡಸು, ಕೊಳವೆಗಳಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ. ಈ ಚಳಿಗಾಲಕ್ಕೆ ಬೇಡ ಎಂದೆ. ಗ್ಯಾಸ್ ಗೀಸರ್‌ಗೆ ಕರೆಂಟ್ ಬೇಕಿಲ್ಲ, ಸಣ್ಣ ಸೆಲ್‌ಗಳಲ್ಲಿ ಹೊತ್ತಿಕೊಳ್ಳುತ್ತದೆ, ಒಳ್ಳೆಯ ವಸ್ತುವೇ. ನಮ್ಮ ಬಚ್ಚಲಿಗೆ ಇರುವುದು ಒಂದಡಿಯ ಗಾಳಿಕಿಂಡಿ ಒಂದೇ. ಅಂಥ ಜಾಗದಲ್ಲಿ ಗ್ಯಾಸ್ ಉರಿದರೆ ವಾಸನೆಯಿಲ್ಲದ ವಿಷಗಾಳಿ ತುಂಬುತ್ತದೆ. ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಎರೆಯಿಸಿಕೊಳ್ಳುವ ಬಾಣಂತಿಗೆ ಅದನ್ನು ಒಡ್ಡಲಾರೆ.

2. ಹಂಡೆ ಮತ್ತು ಒಲೆ (ನೀರು ತುಂಬುವ ಹಬ್ಬದ ಒಳಗೆ)

ಬಚ್ಚಲಿನಲ್ಲಿ ಅಜ್ಜಿಯ ಕಾಲದ ತಾಮ್ರದ ಹಂಡೆ ಹೂತಿದೆ, 60 ಲೀಟರ್ ಹಿಡಿಯುತ್ತದೆ. ಒಲೆಯ ಬಾಯಿ ಹಿತ್ತಲಿನ ಕಡೆಗೆ. ಗೀಸರ್ ಬಂದ ಮೇಲೆ ಅದು ಹಳೆ ಬಕೆಟ್ ಇಡುವ ಜಾಗವಾಗಿತ್ತು. ದೀಪಾವಳಿಗೆ ನೀರು ತುಂಬುವಾಗ ಮಾತ್ರ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಮಾಲೆ ಹಾಕುತ್ತಿದ್ದರು. ಈ ಸಲ ಅದೇ ಹಬ್ಬವನ್ನು ಗಡುವು ಮಾಡಿಕೊಂಡೆ.

ಹಂಡೆ ಕಿತ್ತು ನೋಡಿದರೆ ತಳದ ಅಂಚಿನಲ್ಲಿ ಸಣ್ಣ ಸೋರಿಕೆ. ಮೊದಲು ಹಾರ್ಡ್‌ವೇರ್ ಅಂಗಡಿಯ ಸೀಲ್ ಹಿಟ್ಟು ಮೆತ್ತಿದೆ. ತಣ್ಣೀರಿಗೆ ನಿಂತಿತು, ಬೆಂಕಿ ಹಾಕಿದ ಮೊದಲ ದಿನವೇ ಹೊಟ್ಟಾಗಿ ಉದುರಿತು. ಆಮೇಲೆ ಪಾತ್ರೆ ಬೆಸೆಯುವವರ ಬಳಿ ಒಯ್ದು ಹಿತ್ತಾಳೆ ಬೆಸುಗೆ ಹಾಕಿಸಿದೆ, 600 ರೂಪಾಯಿ. ಬೆಂಕಿ ತಾಗುವ ಜಾಗಕ್ಕೆ ಅದೊಂದೇ ಸರಿ.

ಒಲೆಯ ಒಳಗೋಡೆ ಬಿರುಕು ಬಿಟ್ಟಿತ್ತು. ಹಳೆ ಮಣ್ಣು ಕೆರೆದು, ಇಟ್ಟಿಗೆ ಕೂರಿಸಿ, ಹುತ್ತದ ಮಣ್ಣಿಗೆ ಸಗಣಿ ಮತ್ತು ರಾಗಿ ಹೊಟ್ಟು ಕಲಸಿ ಮೆತ್ತಿದೆವು. ಸಿಮೆಂಟ್ ಬಳಸಲಿಲ್ಲ, ಅದು ಶಾಖಕ್ಕೆ ಸಿಡಿಯುತ್ತದೆ. ಬೂದಿ ಬೀಳಲು ಕೆಳಗೆ ನಾಲ್ಕು ಇಂಚು ಬಿಟ್ಟು, 12 ಮಿಲಿಮೀಟರ್ ಕಬ್ಬಿಣದ ಸರಳುಗಳನ್ನು ಒಂದೊಂದು ಇಂಚಿನ ಅಂತರದಲ್ಲಿ ಕೂರಿಸಿದೆ.

ಹೆಚ್ಚು ಕಾಡಿದ್ದು ಹೊಗೆ. 4 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಕೊಳವೆಯನ್ನು ಬಚ್ಚಲಿನ ಮಾಡಿನಿಂದ ಎರಡಡಿ ಮೇಲಕ್ಕೆ ಬಿಟ್ಟಿದ್ದೆ. ನಮ್ಮ ಊರಿನ ಗಾಳಿ ಗೊತ್ತಿದ್ದದ್ದೇ; ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಪಕ್ಕದ ಮನೆಯ ಎತ್ತರದ ಗೋಡೆಗೆ ಬಡಿದು ಹಿಂದಿರುಗಿದ ಗಾಳಿ ಹೊಗೆಯನ್ನೆಲ್ಲ ಒಲೆಯ ಬಾಯಿಗೇ ತಳ್ಳಿತು. ಕೊಳವೆಗೆ ಇನ್ನೂ ಮೂರಡಿ ಜೋಡಿಸಿ ಆ ಗೋಡೆಯ ತಲೆ ದಾಟಿಸಿದ ಮೇಲೆ ಹೊಗೆ ನೆಟ್ಟಗೆ ಎಳೆಯತೊಡಗಿತು. ತುದಿಗೆ ತಗಡಿನ ಟೊಪ್ಪಿ. ಕೊಳವೆ, ಟೊಪ್ಪಿ, ಕೂಲಿ ಸೇರಿ 2,900.

ಉರುವಲು: ಚಳ್ಳಕೆರೆಯಿಂದ ಒಬ್ಬ ಬಂಧು ಶೇಂಗಾ ಸಿಪ್ಪೆಯ ಚೀಲಗಳನ್ನು ಕಳಿಸಿದ. ಇದೊಂದು ಒಲೆಗೆ ಆಗಲಿಲ್ಲ. ಸಿಪ್ಪೆ ಒತ್ತಾಗಿ ಕೂತು ಗಾಳಿಯಾಡದೆ ಬರೀ ಹೊಗೆ. ಮೇಲಿಂದ ಸ್ವಲ್ಪ ಸ್ವಲ್ಪ ಎರಚುತ್ತಾ ಯಾರಾದರೂ ಪಕ್ಕದಲ್ಲೇ ಕೂರಬೇಕು. ಮೆಕ್ಕೆಜೋಳದ ಬೆಂಡು ಹಾಕಿದಾಗ ಒಲೆಗೆ ಜೀವ ಬಂತು. ತೆನೆ ಬಿಡಿಸಿದ ಮೇಲೆ ನಮ್ಮ ಜಿಲ್ಲೆಯ ಹೊಲಗಳ ಬದುವಿನಲ್ಲಿ ಗುಡ್ಡೆ ಬೀಳುವ ವಸ್ತು ಅದು. ಹತ್ತಿಸಲು ಒಂದು ಹಿಡಿ ತೆಂಗಿನ ಗರಿ, ಮೇಲೆ ಬೆಂಡು. ಮೂರು ಕಿಲೋ ಹತ್ತಿರ ಬೆಂಡಿನಲ್ಲಿ ಪೂರ್ತಿ ಹಂಡೆ 40 ನಿಮಿಷಕ್ಕೆ 60 ಡಿಗ್ರಿ ಮುಟ್ಟಿತು. ಉಳಿದ ಕೆಂಡದ ಕಾವಿನಲ್ಲೇ ಹಂಡೆಗೆ ಇನ್ನೊಂದು ಸುತ್ತು ತಣ್ಣೀರು ಹೊಯ್ದರೆ ಕೂಸಿನ ಬಟ್ಟೆ ಒಗೆಯಲು ಉಗುರುಬೆಚ್ಚಗಾಗುತ್ತದೆ. ಬೆಂಡಿಗೆ ಹಣ ಕೊಟ್ಟಿಲ್ಲ, ಸಾಗಿಸಿದ ಆಟೋಗೆ 700. ಮಳೆ ತಾಗದಂತೆ ಹಿತ್ತಲಿನ ತಗಡಿನ ಮಾಡಿನ ಕೆಳಗೆ, ನೆಲದಿಂದ ಮೇಲೆ ಹಲಗೆ ಹಾಕಿ ಜೋಡಿಸಿದ್ದೇನೆ. ಒದ್ದೆ ಬೆಂಡು ಉರಿಯುವುದಿಲ್ಲ.

ಕರೆಂಟ್ ಇಲ್ಲದಿದ್ದರೆ ಮೋಟಾರೂ ಇಲ್ಲ ಎಂಬುದನ್ನು ಮರೆಯಬಾರದು. ರಾತ್ರಿ ಮಲಗುವ ಮುನ್ನ ಹಂಡೆ ತುಂಬಿಸಿ ಮುಚ್ಚಳ ಹಾಕುವುದು ಈಗ ಮನೆಯ ನಿಯಮ. ಮೇಲೆ 500 ಲೀಟರಿನ ಟ್ಯಾಂಕ್ ಇದ್ದರೂ ಅದನ್ನು ನಂಬಿಕೊಂಡಿಲ್ಲ.

3. ಕೋಣೆಯ ಸಂದುಗಳು (ನವೆಂಬರ್ ಮೊದಲ ವಾರ)

ಹೀಟರ್ ತರುವ ಮೊದಲು ಈ ಕೆಲಸ ಮಾಡಿದ್ದಕ್ಕೆ ಸಮಾಧಾನವಿದೆ. ಊದುಬತ್ತಿ ಹಚ್ಚಿ ಬಾಗಿಲು, ಕಿಟಕಿ, ಬೆಳಕಿಂಡಿಯ ಅಂಚಿನಲ್ಲೆಲ್ಲ ನಿಧಾನವಾಗಿ ಹಿಡಿದರೆ ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹೊಗೆಯೇ ತೋರಿಸುತ್ತದೆ. ಕಿಟಕಿಯ ಹಳೆ ತೇಗದ ಕದಗಳ ನಡುವೆ ಬೆರಳು ತೂರುವಷ್ಟು ಸಂದು. ಅದಕ್ಕೆ ರಬ್ಬರ್ ಪಟ್ಟಿ, ಮೀಟರ್‌ಗೆ 30 ರೂಪಾಯಿಯಂತೆ. ಬಾಗಿಲ ಕೆಳಗೆ ಮರಳು ತುಂಬಿ ಹೊಲಿದ ಉದ್ದನೆಯ ಬಟ್ಟೆ ಚೀಲ. ಬಾಗಿಲಿಗೆ ಪರದೆಯಾಗಿ ಚಳ್ಳಕೆರೆಯ ಕರಿ ಕಂಬಳಿ. ಅಟ್ಟದ ಮೇಲಿನ ಹಳೆಯದನ್ನು ಬಿಸಿಲಿಗೆ ಹಾಕಿ, ಕೊಡವಿ ತೂಗಿಸಿದೆ. ಕುರಿಯ ಉಣ್ಣೆಯ ಕಂಬಳಿಯನ್ನು ದಾಟಿ ಗಾಳಿ ಬರುವುದು ಕಷ್ಟ.

ಬೆಳಕಿಂಡಿಗೆ ಮೊದಲು ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ರಾತ್ರಿಯಿಡೀ ಪಟಪಟ ಸದ್ದು, ಒಳಗೆ ಹನಿ ಕಟ್ಟಿ ತೊಟ್ಟಿಕ್ಕಿತು. ತೆಗೆದು ಹಾಕಿ, ಪಾಲಿಕಾರ್ಬೊನೇಟ್ ಹಲಗೆಯ ಮುಚ್ಚಳವನ್ನು ಗಾಳಿ ಬೀಸದ ಕಡೆಗೆ ಒಂದು ಇಂಚು ಎತ್ತರ ಬಿಟ್ಟು ಕೂರಿಸಿದೆ. ಆ ಒಂದು ಇಂಚನ್ನು ಯಾವ ಕಾರಣಕ್ಕೂ ಮುಚ್ಚುವುದಿಲ್ಲ. ಕೋಣೆಯಲ್ಲಿ ಮಲಗುವವರು ಮೂವರು.

ಕಡಪ ಕಲ್ಲಿನ ಮೇಲೆ ಎರಡು ಪದರ ಚಾಪೆ, ಮಂಚ ಗೋಡೆಯಿಂದ ಒಂದು ಅಡಿ ದೂರ. ಒಟ್ಟು ಖರ್ಚು 1,650. ಫಲ: ಹೀಟರ್ ಇಲ್ಲದೆಯೇ ಬೆಳಗಿನ ಜಾವದ ಅಂಕಿ ಹೊರಗಿಗಿಂತ ಆರು ಡಿಗ್ರಿ ಮೇಲೆ ನಿಂತಿತು. ಮೊದಲು ನಾಲ್ಕು ಇತ್ತು.

4. ಹೀಟರ್, ವೈರು, ಅರ್ತಿಂಗ್ (ನವೆಂಬರ್ ಎರಡನೇ ವಾರ)

ತಂದದ್ದು 9 ಫಿನ್‌ನ ಎಣ್ಣೆ ಹೀಟರ್, 800, 1200, 2000 ವ್ಯಾಟ್ ಮೂರು ಹಂತದ್ದು, ಥರ್ಮೋಸ್ಟಾಟ್ ಇರುವುದು, 8,400 ರೂಪಾಯಿ. ಕೆಂಪಗೆ ಉರಿಯುವ ರಾಡ್ ಹೀಟರ್ ಸಾವಿರ ರೂಪಾಯಿಗೇ ಸಿಗುತ್ತದೆ. ಅದನ್ನು ಕೇಳಿ ತಂದು ಒಂದು ಸಂಜೆ ನೋಡಿದೆವು: ಎದುರಿಗೆ ಇದ್ದವರಿಗೆ ಸುಡುತ್ತದೆ, ಹಿಂದೆ ಚಳಿ. ತೊಟ್ಟಿಲ ಬಟ್ಟೆ ಜಾರಿ ಅದರ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಅಂದೇ ವಾಪಸ್ ಕೊಟ್ಟೆ.

ಹೀಟರ್‌ನ ದಪ್ಪ ಪಿನ್ನಿಗೆ ಕೋಣೆಯಲ್ಲಿ ಸಾಕೆಟ್ ಇರಲಿಲ್ಲ. ಕನ್ವರ್ಷನ್ ಪ್ಲಗ್ ಹಾಕಿ ಹಳೆ 6 ಆಂಪಿಯರ್ ಸಾಕೆಟ್‌ನಲ್ಲಿ 1200 ವ್ಯಾಟ್‌ನಲ್ಲಿ ಓಡಿಸಿ ನೋಡಿದಾಗ ಇಪ್ಪತ್ತು ನಿಮಿಷಕ್ಕೆ ಪ್ಲಗ್ಗಿನ ಬೆನ್ನು ಮುಟ್ಟಲಾರದಷ್ಟು ಬಿಸಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಓಡುವ ಯಂತ್ರಕ್ಕೆ ಇದು ಸಲ್ಲದು. ಮೇನ್ ಬೋರ್ಡಿನಿಂದ ಹೊಸ ಲೈನ್ ಎಳೆಸಿದೆ: 4 ಚದರ ಮಿಲಿಮೀಟರ್ ತಾಮ್ರದ ವೈರು 14 ಮೀಟರ್, ಹೊರೆ ಮೀರಿದರೆ ತಾನೇ ಆರುವ 16 ಆಂಪಿಯರ್ ಎಂಸಿಬಿ, 16 ಆಂಪಿಯರ್ ಸ್ವಿಚ್ ಸಾಕೆಟ್. ಮೇನ್‌ನಲ್ಲಿ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿಲ್ಲ, ಅದನ್ನೂ ಹಾಕಿಸಿದೆ. ಸಾಮಾನು, ಕೂಲಿ ಸೇರಿ 6,200.

ಲೈನ್ ಎಳೆದ ಎಲೆಕ್ಟ್ರಿಷಿಯನ್ ಮೀಟರ್ ಹಚ್ಚಿ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯ ತಡೆ, ನೋಡಿದರು: 11 ಓಮ್. ಈ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು.

“ಅಣ್ಣಾ, ನೆಲ ಒಣಗಿ ಕಲ್ಲಾಗಿದೆ. ಇಷ್ಟು ಇಟ್ಟುಕೊಂಡು ಹೀಟರ್ ಹಾಕಬೇಡಿ” ಎಂದರು.

ಹಳೆ ಗುಂಡಿಗೆ ನೀರು ಹೊಯ್ದಾಗ 8ಕ್ಕೆ ಇಳಿಯಿತು, ಎರಡು ದಿನಕ್ಕೆ ಮತ್ತೆ 11. ಹೊಸದನ್ನು ಬಚ್ಚಲಿನ ನೀರು ಹರಿಯುವ, ಸದಾ ತೇವವಿರುವ ಕಡೆ ತೋಡಿಸಿದೆ. ಆರು ಅಡಿಗೆ ಬಂಡೆ ಸಿಕ್ಕಿತು. ಈ ಊರಿನಲ್ಲಿ ಸಿಗದಿದ್ದರೆ ಆಶ್ಚರ್ಯ. ಎರಡೂವರೆ ಮೀಟರ್ ಜಿಐ ಕೊಳವೆಯನ್ನು ನೆಟ್ಟಗೆ ನಿಲ್ಲಿಸಲು ಆಗದೆ ಓರೆಯಾಗಿ ಹೂತು, ಸುತ್ತ ಇದ್ದಿಲು ಮತ್ತು ಉಪ್ಪು ಪದರ ಪದರವಾಗಿ ತುಂಬಿದೆವು. ಈಗ 3.8 ಓಮ್. ಖರ್ಚು 3,100.

ವೋಲ್ಟೇಜಿನ ಬಗ್ಗೆ ಒಂದು ಮಾತು. ಸಂಜೆ ಏಳರಿಂದ ಒಂಬತ್ತರವರೆಗೆ ನಮ್ಮ ಬೀದಿಯಲ್ಲಿ ಅದು 195ಕ್ಕೆ ಇಳಿಯುತ್ತದೆ. ಹೀಟರ್ ಮೇಲೆ 1200 ಎಂದು ಬರೆದಿದ್ದರೂ ಆ ಹೊತ್ತಿನಲ್ಲಿ ಅದು ಕೊಡುವುದು 860 ವ್ಯಾಟಿನಷ್ಟು ಮಾತ್ರ. ಅದಕ್ಕಾಗಿ ಸಂಜೆ 2000ದ ಹಂತದಲ್ಲಿ ಹಾಕಿ, ಹತ್ತರ ಮೇಲೆ 1200ಕ್ಕೆ ಇಳಿಸುತ್ತೇವೆ. ಕಲ್ಲುಗೋಡೆ ಮೊದಲು ತಾನು ಶಾಖ ಕುಡಿಯುತ್ತದೆ. 21ರಿಂದ 25 ಮುಟ್ಟಲು ಎರಡು ಗಂಟೆಗೂ ಮೀರಿ ಹಿಡಿಯಿತು. ಒಮ್ಮೆ ಕುಡಿದ ಶಾಖವನ್ನು ಗೋಡೆ ಬೇಗ ಬಿಡುವುದೂ ಇಲ್ಲ; ಅದರ ಉಪಯೋಗ ಮುಂದೆ ಕಂಡಿತು.

5. ಅಗ್ಗಿಷ್ಟಿಕೆಯ ವಿಚಾರ

ಇದನ್ನು ವಿವರವಾಗಿ ಬರೆಯಲೇಬೇಕು, ಏಕೆಂದರೆ ನಮ್ಮ ಕಡೆ ಬಾಣಂತಿ ಕೋಣೆ ಎಂದರೆ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಅಮ್ಮನ ವಾದ ನೇರವಾಗಿತ್ತು.

“ನಿನ್ನನ್ನೂ ನಿನ್ನ ತಂಗಿಯನ್ನೂ ಕೆಂಡದ ಪಕ್ಕದಲ್ಲೇ ಬೆಳೆಸಿದ್ದೇನೆ. ಕರೆಂಟ್ ಹೋದರೆ ನಿನ್ನ ಹೀಟರ್ ತಗಡಿನ ಡಬ್ಬ.”

“ಆಗ ಬೆಳಕಿಂಡಿ ತೆರೆದಿತ್ತಮ್ಮ. ಈಗ ನಾನೇ ಎಲ್ಲ ಸಂದುಗಳನ್ನೂ ಮುಚ್ಚಿದ್ದೇನೆ.”

ಮಾತಿನಲ್ಲಿ ಇದು ಬಗೆಹರಿಯಲಿಲ್ಲ. ಮೊದಲು ಹೇಳಿದ ಆ ವಾಸನೆಯಿಲ್ಲದ ವಿಷಗಾಳಿಯನ್ನು, ಅಂದರೆ ಕಾರ್ಬನ್ ಮಾನಾಕ್ಸೈಡನ್ನು, ಅಳೆದು ಕೂಗುವ, ಸೆಲ್‌ನಲ್ಲಿ ಓಡುವ ಅಲಾರಂ ಒಂದನ್ನು 1,900 ರೂಪಾಯಿಗೆ ತರಿಸಿದೆ. ಖಾಲಿ ಕೋಣೆಯಲ್ಲಿ, ಹೊಗೆ ಪೂರ್ತಿ ಹೋಗಿ ಕೆಂಪಾದ ಕೆಂಡ ತುಂಬಿದ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಹಾಕಿ, ಕಿಟಕಿಯ ಗಾಜಿನಿಂದ ನೋಡಿದೆವು. ಹತ್ತು ನಿಮಿಷಕ್ಕೆ 40 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 40 ಭಾಗ). ಅರ್ಧ ಗಂಟೆಯೊಳಗೆ 200 ದಾಟಿ ಅಲಾರಂ ಕೂಗತೊಡಗಿತು. ಕೋಣೆಯಲ್ಲಿ ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ, ಕೆಂಡ ಸೊಗಸಾಗಿ ಹೊಳೆಯುತ್ತಿತ್ತು. ಅಮ್ಮ ಆ ಅಂಕಿಯನ್ನು ತಾವೇ ಓದಿದರು. ಆಮೇಲೆ ಅವರೇ ಮಾಡಿದ ಕಟ್ಟಳೆ: ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು ಪಡಸಾಲೆಯಲ್ಲಿ, ಎರಡೂ ಬಾಗಿಲು ತೆರೆದು. ಕೂಸಿನ ಬಟ್ಟೆ ಬೆಚ್ಚಗೆ ಮಾಡುವುದು ಅಂಗಳದಲ್ಲಿ, ಅಗ್ಗಿಷ್ಟಿಕೆಯ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ. ಕೆಂಡ ಹೊಸ್ತಿಲು ದಾಟಿ ಒಳಕೋಣೆಗೆ ಬರುವಂತಿಲ್ಲ. ಅಲಾರಂ ಈಗಲೂ ಮಂಚದ ಎತ್ತರಕ್ಕೆ ಗೋಡೆಯ ಮೇಲಿದೆ. ಬಾಣಂತನಕ್ಕೆ ಸಿದ್ಧತೆ ಮಾಡುವ ಯಾರೇ ಆಗಲಿ, ಬೇರೆ ಏನನ್ನು ಬಿಟ್ಟರೂ ಇದೊಂದನ್ನು ತರಿಸಿ ಎಂದು ಕೇಳಿಕೊಳ್ಳುತ್ತೇನೆ.

6. ಇನ್ವರ್ಟರ್ (ನವೆಂಬರ್ ಮೂರನೇ ವಾರ)

ಮನೆಯಲ್ಲಿ 900 ವಿಎ ಇನ್ವರ್ಟರ್ ಇತ್ತು, ಜೊತೆಗೆ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ. ಬ್ಯಾಟರಿಯ ಆಸಿಡ್ಡಿನ ಸಾಂದ್ರತೆ ಅಳೆದು ಚಾರ್ಜ್ ಎಷ್ಟಿದೆ ಎಂದು ತೋರಿಸುವ ಹೈಡ್ರೋಮೀಟರ್ ತಂದೆ, 250 ರೂಪಾಯಿ. ಬ್ಯಾಟರಿಯ ನೀರು ತಳ ಕಂಡಿತ್ತು. ಡಿಸ್ಟಿಲ್ಡ್ ನೀರು ತುಂಬಿ, ಪೂರ್ತಿ ಒಂದು ದಿನ ಚಾರ್ಜ್ ಮಾಡಿ ನೋಡಿದರೆ ಐದು ಕೋಶಗಳಲ್ಲಿ 1.230, ಆರನೆಯದರಲ್ಲಿ 1.150. ಇನ್ನೊಂದು ದಿನ ಚಾರ್ಜ್ ಮಾಡಿದರೂ ಅದು ಏಳಲಿಲ್ಲ. ಒಂದು ಕೋಶ ಸತ್ತರೆ ಉಳಿದವನ್ನೂ ಎಳೆದುಕೊಂಡು ಹೋಗುತ್ತದೆ. ಹಳೆಯದನ್ನು ಕೊಟ್ಟು ಹೊಸದು ತಂದೆ, ಕೈಯಿಂದ 11,200.

ರಾಡ್ ಹೀಟರ್ ಕೊಟ್ಟವರ ಸಲಹೆಯಂತೆ, ವಾಪಸ್ ಮಾಡುವ ಮೊದಲು ಅದನ್ನು 400 ವ್ಯಾಟ್‌ನಲ್ಲಿ ಹಳೆ ಬ್ಯಾಟರಿಯ ಮೇಲೆ ಓಡಿಸಿಯೂ ನೋಡಿದ್ದೆ. 40 ನಿಮಿಷಕ್ಕೆ ಇನ್ವರ್ಟರ್ ಕೂಗಿ ನಿಂತಿತು, ಕೋಣೆ ಅರ್ಧ ಡಿಗ್ರಿಯೂ ಏರಿರಲಿಲ್ಲ. ಹೊಸ ಬ್ಯಾಟರಿಯಾದರೂ ಎರಡೂವರೆ ಗಂಟೆ ಅಷ್ಟೇ. ಬ್ಯಾಟರಿಯಿಂದ ಶಾಖ ತೆಗೆಯುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಅದಕ್ಕೆ ಈಗ ಇರುವ ಹೊರೆ ನಾಲ್ಕು ಎಲ್‌ಇಡಿ ಬಲ್ಬು ಮತ್ತು ಮೊಬೈಲ್ ಚಾರ್ಜರ್, ಒಟ್ಟು 42 ವ್ಯಾಟ್. ಹಿತ್ತಲಿನ ಒಲೆಯ ಬಳಿಯ ಬಲ್ಬನ್ನೂ ಇದೇ ಲೈನಿಗೆ ಸೇರಿಸಿದ್ದೇನೆ; ಬೆಳಗಿನ ಜಾವ ಕತ್ತಲಲ್ಲಿ ಬೆಂಕಿ ಹಾಕುವವರಿಗೆ ಅದು ಬೇಕು.

7. ಮೇನ್ ಆರಿಸಿ ಪರೀಕ್ಷೆ (ನವೆಂಬರ್ ಕೊನೆ)

ಒಂದು ಶನಿವಾರ ಸಂಜೆ ಆರರಿಂದ ಹೀಟರ್ ಓಡಿಸಿ, ರಾತ್ರಿ ಹತ್ತಕ್ಕೆ ಮೇನ್ ಆರಿಸಿದೆ. ಕೋಣೆಯಲ್ಲಿ ಅಮ್ಮ, ನಾನು ಮಲಗಿದೆವು. ಹತ್ತಕ್ಕೆ 25.1. ಹನ್ನೆರಡಕ್ಕೆ 24.0. ಎರಡಕ್ಕೆ 23.2. ನಾಲ್ಕಕ್ಕೆ 22.6. ಆರಕ್ಕೆ 22.1, ಆಗ ಹೊರಗೆ 16. ಎಂಟು ಗಂಟೆಯಲ್ಲಿ ಮೂರು ಡಿಗ್ರಿ. ಕಲ್ಲುಗೋಡೆ ಹಿಡಿದಿಟ್ಟ ಶಾಖ ಕೈಬಿಡಲಿಲ್ಲ. ಬ್ಯಾಟರಿ 12.7ರಿಂದ 12.4 ವೋಲ್ಟ್‌ಗೆ ಇಳಿದಿತ್ತು, ಅಂದರೆ ಇನ್ನೂ ಒಂದು ರಾತ್ರಿಗೆ ಸಾಕು. ಐದಕ್ಕೆ ಒಲೆ ಹತ್ತಿಸಿದೆ. ಆರರ ಹೊತ್ತಿಗೆ ಹಂಡೆ ಕಾದಿತ್ತು.

22ಕ್ಕೆ ಇಳಿದ ಮೇಲೆ ಏನು? ಆಸ್ಪತ್ರೆಯ ದಾದಿಯೊಬ್ಬರು ತಂಗಿಗೆ ತಪಾಸಣೆಯ ದಿನವೇ ಹೇಳಿಕೊಟ್ಟ ಉಪಾಯ ಎಲ್ಲಕ್ಕಿಂತ ಮೊದಲನೆಯದು: ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಬರಿ ಎದೆಗೆ ಅಪ್ಪಿಸಿ, ಮೇಲೆ ಇಬ್ಬರಿಗೂ ಸೇರಿ ಹೊದಿಸುವುದು. ಕಾಂಗರೂ ಆರೈಕೆ ಎನ್ನುತ್ತಾರೆ. ಇದಕ್ಕೆ ವೈರೂ ಬೇಡ, ಬೆಂಡೂ ಬೇಡ. ಎರಡನೆಯದು ರಬ್ಬರ್ ಬಿಸಿನೀರಿನ ಚೀಲ, ಎರಡು ಲೀಟರಿನದು, 350 ರೂಪಾಯಿ. ತೊಟ್ಟಿಲ ಹಾಸಿಗೆಯನ್ನು ಅದರಿಂದ ಬೆಚ್ಚಗೆ ಮಾಡಿ, ಚೀಲ ತೆಗೆದ ಮೇಲೆಯೇ ಕೂಸನ್ನು ಮಲಗಿಸಬೇಕು. ಚೀಲ ಮತ್ತು ಕೂಸು ಒಟ್ಟಿಗೆ ತೊಟ್ಟಿಲಲ್ಲಿ ಇರಕೂಡದು, ಮೆತ್ತನೆಯ ಚರ್ಮ ಬೇಗ ಸುಡುತ್ತದೆ.

8. ಉಳಿದಿರುವುದು

ಖರ್ಚು ಒಟ್ಟು 37,250. ಇದರಲ್ಲಿ ಬ್ಯಾಟರಿ ಮತ್ತು ಅರ್ತಿಂಗ್ ಬಾಣಂತನ ಇಲ್ಲದಿದ್ದರೂ ಮಾಡಬೇಕಾದ ಕೆಲಸಗಳೇ. ಹೆರಿಗೆಗೆ ಇನ್ನೂ ಎರಡು ವಾರವಿದೆ. ಅಷ್ಟರೊಳಗೆ ಒಲೆಯ ಸರಳುಗಳನ್ನು ಬದಲಿಸಬೇಕು: ಬೆಂಡಿನ ಕಾವಿಗೆ ನಡುವಿನ ಎರಡು ಈಗಾಗಲೇ ಬಗ್ಗಿವೆ. ಎರಕದ ಜಾಲರಿ ಮಾಡಿಕೊಡುವವರು ದಾವಣಗೆರೆಯಲ್ಲಿದ್ದಾರೆ ಎಂದು ಪಾತ್ರೆ ಬೆಸೆಯುವವರು ಹೇಳಿದ್ದಾರೆ. 14 ಇಂಚಿಗೆ 10 ಇಂಚಿನ ಅಳತೆ ಬರೆದುಕೊಂಡು ಸೋಮವಾರ ಹೊರಡುತ್ತೇನೆ.